ಕುದುರೆಯ ಮೇಲೆ ಕಲಿತ ‘ಒಲ್ಲೆ’

ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಆಗಿನ್ನೂ ಮನೆಗಳೇಳದ ಒಂದು ಬಯಲಿತ್ತು. ಬಿಸಿಲು ಇಳಿದ ಮೇಲೆ ಅಲ್ಲಿ ಮೂರು ಕುದುರೆ, ಏಳೆಂಟು ಮಕ್ಕಳು, ಅವರನ್ನು ಕರೆತಂದ ತಾಯಂದಿರು, ಒಬ್ಬಿಬ್ಬರು ಅಜ್ಜಂದಿರು, ಸವಾರಿ ಕಲಿಸುವ ಉಸ್ತಾದರು, ಇಷ್ಟು ಮಂದಿ ಸೇರುತ್ತಿದ್ದೆವು. ಉಸ್ತಾದರು ಪೊಲೀಸರ ಕುದುರೆ ದಳದಲ್ಲಿದ್ದು ಪಿಂಚಣಿ ಪಡೆದು ಬಂದವರು. ಮೂರರಲ್ಲಿ ಒಂದು ಕುದುರೆ ಲಗ್ನದ ಕಾಲದಲ್ಲಿ ಮದುಮಕ್ಕಳನ್ನು ಹೊರಲು ರಜೆ ಹಾಕಿ ಹೋಗುತ್ತಿತ್ತು. ಉಳಿದವೆರಡಕ್ಕೆ ಅಂಥ ಮರ್ಯಾದೆ ಇರಲಿಲ್ಲ. ಮಕ್ಕಳನ್ನು ಹೊತ್ತುಕೊಂಡು ವರ್ಷವಿಡೀ ಸುತ್ತುತ್ತಿದ್ದವು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ಆ ಊರಿಗೆ ಹೊಸಬಳು. ನನ್ನ ಜೊತೆ ಬರುತ್ತಿದ್ದವಳು ನಾದಿನಿ. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ಚಿಕ್ಕವಳು, ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನದು. ಸೀರೆ ಉಡಿಸಿದರೆ ಉಡುತ್ತಿದ್ದಳು, ತಲೆ ಬಾಚಿದರೆ ಕೂಡುತ್ತಿದ್ದಳು, ಕೈಹಿಡಿದು ಕರೆದವರ ಹಿಂದೆ ಹೋಗುತ್ತಿದ್ದಳು. ಜಟಕಾ ಗಾಡಿ ಕಂಡರೆ ಮಾತ್ರ ನಿಂತಲ್ಲೇ ನಿಂತುಬಿಡುತ್ತಿದ್ದಳು. ಕುದುರೆ ಮೂತಿ ತಿರುಗಿಸಿ ನೋಡುವವರೆಗೆ ಹೆಜ್ಜೆ ಕದಲುತ್ತಿರಲಿಲ್ಲ. ಒಮ್ಮೆ ಹಾಗೆ ನಿಂತಿದ್ದವಳನ್ನು ಉಸ್ತಾದರು ನೋಡಿ, “ಆಕಿನ್ನ ಬಯಲಿಗೆ ಕರ್ಕೊಂಡು ಬರ್ರಿ ತಂಗಿ, ನಮ್ಮ ಕುದರಿಗೂ ಯಾರರ ಹಿಂಗ ನೋಡಿದ್ರ ಖುಷಿ,” ಅಂದಿದ್ದರು.

ಆ ಬಯಲಿಗೆ ಅದರದೇ ಕಟ್ಟಳೆಗಳಿದ್ದವು. ಮಗುವನ್ನು ಕರೆತಂದವರು ಬಿಟ್ಟು ಹೋಗುವಂತಿಲ್ಲ, ಮುಗಿಯುವ ತನಕ ಎದುರಿಗೇ ಕೂಡಬೇಕು. ಮಕ್ಕಳ ಬಗಲಿಗೆ ಕೈಹಾಕಿ ಎತ್ತಿ ಕೂಡಿಸುವಂತಿಲ್ಲ. ಒಂದು ಎತ್ತರದ ಕಲ್ಲಿತ್ತು, ಅದನ್ನು ಹತ್ತಿ ಅವರೇ ಏರಬೇಕು, ಕೈ ಬೇಕಾದರೆ ಅವರೇ ಕೇಳಬೇಕು. ಎಲ್ಲಕ್ಕಿಂತ ಮೊದಲು, ಲಗಾಮು ಹಿಡಿಯುವುದಕ್ಕೂ ಮುಂಚೆ, ಪ್ರತಿಯೊಬ್ಬರೂ ಗಟ್ಟಿಯಾಗಿ ‘ಒಲ್ಲೆ’ ಅನ್ನುವುದನ್ನು ಕಲಿಯಬೇಕು.

“ಹೆದ್ರಿಕಿ ಹೊಟ್ಯಾಗ ಇಟ್ಕೊಂಡು ಕುಂತ್ರ ಮೈ ಸೆಟಿತೈತಿ, ಲಗಾಮ ಜಗ್ಗತೀರಿ. ಕುದರಿ ಬಾಯಿ ನೋಯತೈತಿ, ಅದು ಓಡತೈತಿ. ಅದಕ್ಕ ಬಾಯಿಲೆ ಹೇಳ್ರಿ. ಒಲ್ಲೆ ಅಂದ್ರ ಕುದರಿ ನಿಂದ್ರತೈತಿ. ನಾನೂ ನಿಂದ್ರತೀನಿ,” ಅನ್ನುತ್ತಿದ್ದರು.

ನಮ್ಮ ಮನೆಗಳಲ್ಲಿ ಇದು ಉಲ್ಟಾ ಪಾಠ. ಒಲ್ಲೆ ಅನ್ನಬಾರದು ಅಂತಲೇ ಹಿರಿಯರು ನಮ್ಮನ್ನು ಬೆಳೆಸಿದ್ದರು. ಅನ್ನ ಬಡಿಸಿದಾಗ ಬೇಡವಾದರೆ ‘ಸಾಕು’ ಅನ್ನಬೇಕು. ಒಲ್ಲೆ ಅಂದರೆ ಲಕ್ಷ್ಮಿ ಮುನಿಯುತ್ತಾಳೆ. ಹಿರಿಯರು ಕರೆದರೆ ‘ಬಂದೆ’ ಅನ್ನಬೇಕು. ಒಲ್ಲೆ ಅಂದರೆ ಕೆನ್ನೆ ಕೆಂಪಾಗುತ್ತದೆ. ಹಾಗಾಗಿ ತಾಯಂದಿರ ತಕರಾರು ದಿನವೂ ಇರುತ್ತಿತ್ತು.

“ಏನ್ರಿ ಉಸ್ತಾದ್ರ, ನಮ್ಮ ಹುಡುಗ ಮುಂಜಾನಿ ಉಪ್ಪಿಟ್ಟಿಗೆ ಒಲ್ಲೆ ಅಂದಾನ. ಕುದರಿ ಕಲಿಸಾಕ ಕಳಿಸಿದ್ರ ಇದನ್ನ ಕಲಿಸ್ತೀರಿ?”

“ಉಪ್ಪಿಟ್ಟು ಹೆಂಗಿತ್ರಿ?”

“ಚಲೋನ ಇತ್ತು. ಅವರಪ್ಪ ಏನೂ ಅನ್ನಲಿಲ್ಲ.”

“ಅವರಪ್ಪನ್ನೂ ಕಳಿಸ್ರಿ, ಒಂದ ವಾರದಾಗ ಕಲಿಸ್ತೀನಿ.”

ಕೂತವರೆಲ್ಲ ನಕ್ಕರು. ಆಕೆಯೂ ಸೆರಗು ಬಾಯಿಗಿಟ್ಟು ನಕ್ಕಳು.

ನಾದಿನಿಗೆ ಈ ಒಂದು ಪದ ಬರಲು ತಿಂಗಳುಗಳೇ ಹಿಡಿದವು. ಕಲ್ಲು ಹತ್ತಿ ಕುದುರೆ ಏರುತ್ತಿದ್ದಳು. ನಾಲ್ಕು ಹೆಜ್ಜೆ ಹೋಗುತ್ತಲೇ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿಂದ ಮಾತ್ರ ಚಕಾರವಿಲ್ಲ. ಉಸ್ತಾದರು ತಾವೇ ನಿಲ್ಲಿಸಿ, “ಹೇಳವ್ವಾ, ಒಲ್ಲೆ ಅನ್ನು,” ಅನ್ನುತ್ತಿದ್ದರು. ಆಕೆ ನನ್ನ ಮುಖ ನೋಡುತ್ತಿದ್ದಳು. ಅನ್ನಬಹುದೋ ಇಲ್ಲವೋ ಅಂತ ಕೇಳುವ ನೋಟ. ಒಂದು ಸಂಜೆ ಕುದುರೆ ತುಸು ವೇಗ ಹಿಡಿದಾಗ ಸಣ್ಣ ದನಿಯಲ್ಲಿ “ಒಲ್ಲೆ” ಅಂದಳು. ಕುದುರೆ ನಿಂತಿತು. ಆಕೆಗೆ ನಂಬಿಕೆ ಬರಲಿಲ್ಲ. ಮತ್ತೆ ನಡೆಸಿದರು, ಮತ್ತೆ ಅಂದಳು, ಮತ್ತೆ ನಿಂತಿತು. ಆ ಸಂಜೆಯೆಲ್ಲ ಕುದುರೆ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ತಮ್ಮ ಸರದಿಗೆ ಕಾದಿದ್ದ ಮಕ್ಕಳು ಗೊಣಗಿದರು. ಉಸ್ತಾದರು ಒಮ್ಮೆಯೂ ನಿಲ್ಲಿಸದೆ ಬಿಡಲಿಲ್ಲ.

ನಮ್ಮ ಅತ್ತೆಯ ತವರು ಕುರುಗೋಡು. ಅಲ್ಲಿ ಅವರಿಗೆ ಒಬ್ಬನೇ ಅಣ್ಣ, ಆ ಅಣ್ಣನಿಗೆ ಒಬ್ಬನೇ ಮಗ. ಹೊಲ, ಜೀಪು, ಹೆಂಡತಿ ಮಕ್ಕಳು ಎಲ್ಲ ಇದ್ದವನು. ಬಳ್ಳಾರಿ ಪೇಟೆಗೆ ಬಂದಾಗಲೆಲ್ಲ ಮನೆಗೆ ಬರುತ್ತಿದ್ದ. ಆಗಾಗ ನಾದಿನಿಯನ್ನು, ನಾಲ್ಕು ದಿನ ಇದ್ದು ಬರಲಿ ಅಂತ, ಕುರುಗೋಡಿಗೆ ಕರೆದೊಯ್ಯುತ್ತಿದ್ದ. ಸೋದರಮಾವನ ಮಗ ಅಂದ ಮೇಲೆ ಚೇಷ್ಟೆ ಮಾಡುವ ಸಲಿಗೆ ನಮ್ಮಲ್ಲಿ ಇದ್ದದ್ದೇ. ಜಡೆ ಎಳೆದರೂ, ತೋಳು ಚಿವುಟಿದರೂ ಮನೆಯವರು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಂದು ದಿನ ಅವನು ಮನೆಗೆ ಹೋಗಿ, ಅಲ್ಲಿಂದ ಬಯಲಿಗೇ ಬಂದ. ನಾದಿನಿ ಕುದುರೆಯ ಮೇಲಿದ್ದಳು.

“ಅತ್ತಿ ಕಳಿಸ್ಯಾಳ. ಗಂಟು ಕಟ್ಟಿ ಇಟ್ಟಾಳ. ಇಳಿಯಲೇ, ಊರಿಗೆ ಹೋಗಾಕ ಹೊತ್ತಾತು,” ಅನ್ನುತ್ತಾ ಇಳಿಸಲೆಂದು ಆಕೆಯ ಸೊಂಟಕ್ಕೆ ಕೈಹಾಕಿದ.

“ಒಲ್ಲೆ,” ಅಂದಳು ನಾದಿನಿ.

ಉಸ್ತಾದರು ನಡುವೆ ಬಂದು ನಿಂತರು. “ಕೈ ತಗೀರಿ. ಆಕಿ ಒಲ್ಲೆ ಅಂದಾಳ.”

“ಏ ಸಾಹೇಬ, ನಾ ಸೋದರಮಾವನ ಮಗ ಅದೀನಿ. ಚಾಷ್ಟಿ ಮಾಡಾಕ ಬಾಧ್ಯಸ್ಥ.”

“ಇರಬಹುದ್ರಿ. ನಮ್ಮ ಕುದರಿಗೆ ಸಂಬಂಧ ಗೊತ್ತಾಗಂಗಿಲ್ಲ. ಒಲ್ಲೆ ಅನ್ನೋದು ಒಂದ ಗೊತ್ತಾಗತೈತಿ.”

ಅವನು ನಕ್ಕು, ಮನೆಯಲ್ಲಿ ಕಾಯುತ್ತೇನೆ ಅಂತ ಜೀಪು ಹತ್ತಿ ಹೋದ. ಉಸ್ತಾದರು ನನ್ನ ಕಡೆ ತಿರುಗಿ, “ತಂಗಿ, ಕುದರಿಗೆ ಹೆದರಿ ಅನ್ನೋ ಒಲ್ಲೆ ಬ್ಯಾರೆ. ಇದು ಅದಲ್ಲ,” ಅಂದರು. ನನಗೂ ಆ ವ್ಯತ್ಯಾಸ ಕೇಳಿಸಿತ್ತು.

ಮನೆಗೆ ಬಂದರೆ ಅವನು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ. ಅತ್ತೆ ತವರಿಗೆಂದು ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಕಟ್ಟಿದ್ದರು. ನಾದಿನಿ ಅಡುಗೆಮನೆಯ ಬಾಗಿಲ ತೋಳು ಹಿಡಿದು ನಿಂತು, ಒಲ್ಲೆ ಒಲ್ಲೆ ಅನ್ನತೊಡಗಿದಳು.

“ನೋಡು, ಆ ಕುದರಿಯಾಂವ ಹಚ್ಚಿದ ರೋಗ,” ಅತ್ತೆ ಸಿಡುಕಿದರು. “ನನ್ನ ತವರಿಗೆ ಒಲ್ಲೆ ಅಂತಾಳ ಈಕಿ.”

“ಅತ್ತಿ, ಯಾಕ ಒಲ್ಲೆ ಅಂತ ಒಂದ ಮಾತು ಕೇಳೋಣ್ರಿ. ಇಷ್ಟ ದಿನ ನಾವು ಯಾರೂ ಕೇಳಿಲ್ಲ.”

ಒಳಗೆ ಕರೆದು ಬಾಗಿಲು ಮುಂದೆ ಮಾಡಿದೆವು. ನಾನು ಕೇಳಿದೆ. ಆಕೆ ನನ್ನನ್ನಲ್ಲ, ಒಲೆಯನ್ನು ನೋಡುತ್ತ ಹೇಳಿದಳು: “ಹೊಲದ ಕೋಲ್ಯಾಗ ಬಾಗಲಾ ಹಾಕತಾನ. ಸೀರಿ ಬಿಚ್ಚತಾನ. ನೋವಾಗತೈತಿ. ಹೇಳಿದ್ರ ಬಾವಿಗೆ ಒಗಿತೀನಿ ಅಂತಾನ.” ಆಮೇಲೆ, ಅತ್ತೆಯ ಕಡೆ ತಿರುಗಿ, “ಅವ್ವಾ, ನಾ ಹೇಳಿಬಿಟ್ಟೆ,” ಅಂದಳು.

ಅತ್ತೆ ಗೋಡೆಗೊರಗಿ ಕೂತರು. ಅಳಲಿಲ್ಲ. ಮಗಳ ಕಾಲಿನ ಮೇಲೆ ಕೈಯಿಟ್ಟರು. ಒಬ್ಬನೇ ಅಣ್ಣ, ಆ ಮನೆಯೊಂದೇ ತವರು. ಅದು ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಎದ್ದು ಮುಖಕ್ಕೆ ನೀರು ಹಾಕಿಕೊಂಡು ಪಡಸಾಲೆಗೆ ಬಂದರು.

“ಆಕಿ ಬರಂಗಿಲ್ಲ.”

“ಯಾಕತ್ತಿ?”

“ಒಲ್ಲೆ ಅಂದಾಳ.”

“ಆಕಿ ಮಾತ ಹಿಡ್ಕೊಂಡು ಕುಂದ್ರತಿಯೇನು? ಆಕಿಗೆ ಏನ ತಿಳಿತೈತಿ?”

“ತಿಳಿದದ್ದನ್ನೆಲ್ಲಾ ಈಗ ಹೇಳ್ಯಾಳ,” ಅಂದರು ಅತ್ತೆ. “ಕಪ್ಪು ಕೆಳಗ ಇಡು. ಇನ್ನ ಈ ಹೊಸ್ತಿಲಾ ತುಳಿಬ್ಯಾಡ.”

ಅವನು ಕಪ್ಪು ಕೆಳಗಿಟ್ಟ. ಅತ್ತೆಯ ಮುಖ ನೋಡಿ ಎದ್ದು ಹೋದ.

ರಾತ್ರಿ ಬಂದ ನನ್ನ ಯಜಮಾನರು ಕೇಳಿದವರೇ ಕುರುಗೋಡಿಗೆ ಹೊರಟುನಿಂತರು. ಊರ ಬಾಯಿಗೆ ತಂಗಿ ಬೀಳುತ್ತಾಳೆ ಅಂತ ಅತ್ತೆ ತಡೆದರು. ಪೊಲೀಸು, ಕೋರ್ಟು ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಸರಿ ಅಂತ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ನಾದಿನಿಯನ್ನು ಮಾತ್ರ ಅಂದಿನಿಂದ ಯಾರ ಜೊತೆಗೂ ಒಬ್ಬಳನ್ನೇ ಕಳಿಸಲಿಲ್ಲ, ಆಕೆಯನ್ನು ಕೇಳದೆ ಎಲ್ಲಿಗೂ ಕರೆದೊಯ್ಯಲಿಲ್ಲ. ಆ ವರ್ಷ ಪಂಚಮಿಗೆ ಅತ್ತೆಯನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಅತ್ತೆ ತಂಬಿಟ್ಟು ಮಾಡಿದರು, ನಮಗೆ ಕೊಟ್ಟರು, ತಾವು ತಿನ್ನಲಿಲ್ಲ.

ಮರುವರ್ಷ ಸಿರುಗುಪ್ಪದಲ್ಲಿ ಅತ್ತೆಯ ದಾಯಾದಿಗಳ ಮನೆಯ ಮದುವೆ. ಹೋಗಲೇಬೇಕಿತ್ತು, ನಾದಿನಿಯನ್ನು ನಡುವೆ ಇಟ್ಟುಕೊಂಡು ಹೋದೆವು. ಅಕ್ಷತೆ ಮುಗಿದು ಊಟಕ್ಕೆ ಎಲೆ ಹಾಕಿದರು. ಅತ್ತೆಯ ಅತ್ತಿಗೆ, ಅಂದರೆ ಅವನ ತಾಯಿ, ಹೆಂಗಸರೆಲ್ಲರ ಎದುರಿಗೆ ಕೈಹಿಡಿದು, “ಸಿಟ್ಟು ಬಿಡವ್ವಾ, ಬಾ, ಊಟಕ್ಕ ಕುಂದ್ರು. ನಿನ್ನ ಅಳಿಯಾನ ಬಡಸಾಕ ನಿಂತಾನ,” ಅಂದರು.

“ಅವ ಬಡಿಸಿದ ಅನ್ನ ನನಗ ಇಳಿಯಂಗಿಲ್ಲ,” ಅಂದರು ಅತ್ತೆ. “ಯಾಕಂತ ಅವನ್ನ ಕೇಳು. ಅವ ಹೇಳಲಿಲ್ಲಂದ್ರ ನನ್ನ ಕೇಳು, ಇಲ್ಲೇ ಹೇಳತೀನಿ. ಹೆಣ್ಣಮಕ್ಕಳನ್ನ ಆ ಮನಿಗೆ ಕಳಿಸಿದ ಎಲ್ಲಾ ತಾಯಂದ್ರಿಗೂ ಕೇಳೋ ಬಾಧ್ಯತಾ ಐತಿ.”

ಯಾರೂ ಕೇಳಲಿಲ್ಲ. ನಾವು ಊಟ ಮಾಡದೆ ಎದ್ದು ಬಂದೆವು. ಮದುವೆ ಮನೆಯಿಂದ ಉಣ್ಣದೆ ಬರುವುದು ಅಂದರೆ ನಮ್ಮ ಕಡೆ ಸಂಬಂಧ ಹರಿದುಕೊಂಡ ಹಾಗೆ.

ಬಸ್ ಸ್ಟ್ಯಾಂಡಿನಲ್ಲಿ ಒಗ್ಗರಣೆ ಮಂಡಕ್ಕಿ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಕರೂರಿನ ಒಬ್ಬ ಹೆಂಗಸು ಬಂದಳು. ದೂರದ ಸಂಬಂಧ, ಮದುವೆ ಮನೆಯಲ್ಲಿ ಅತ್ತೆ ಆ ಮಾತು ಆಡುವಾಗ ಹತ್ತಿರದಲ್ಲೇ ನಿಂತಿದ್ದವಳು. ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ, ಇನ್ನೊಂದರಲ್ಲಿ ಹತ್ತು ಹನ್ನೊಂದರ ಮಗಳು. ಆ ಹುಡುಗಿಯನ್ನು ಶಾಲೆ ಕಲಿಯಲೆಂದು ಕುರುಗೋಡಿನ ಅವನ ಮನೆಯಲ್ಲೇ ಬಿಟ್ಟಿದ್ದರು. ಮದುವೆ ಮುಗಿಸಿಕೊಂಡು ಅವನ ಜೀಪಿನಲ್ಲೇ ಅವಳು ಅಲ್ಲಿಗೆ ವಾಪಸು ಹೋಗಬೇಕಿತ್ತು.

“ಅಕ್ಕಾರ, ಕರೂರ ಬಸ್ಸು ಇಲ್ಲೇ ನಿಂದ್ರತೈತೇನ್ರಿ?” ಅಂತ ಕೇಳಿದಳು.

“ಇಲ್ಲೇ. ಕುಂದ್ರು ಬಾ,” ಅಂತ ಅತ್ತೆ ಜರುಗಿ ಜಾಗ ಕೊಟ್ಟರು.

ನಾದಿನಿ ತನ್ನ ಮಂಡಕ್ಕಿ ಪೊಟ್ಟಣವನ್ನು ಹುಡುಗಿಯ ಮುಂದೆ ಹಿಡಿದಳು. ಹುಡುಗಿ ತಾಯಿಯ ಮುಖ ನೋಡಿ, ಒಂದು ಮುಷ್ಟಿ ತೆಗೆದುಕೊಂಡಳು. ಕರೂರಿನ ಬಸ್ಸು ಮೊದಲು ಬಂತು. ಆಕೆ ಮಗಳನ್ನು ಹತ್ತಿಸಿ, ಪೆಟ್ಟಿಗೆ ಒಳಗಿಟ್ಟು, ಆಮೇಲೆ ತಾನು ಹತ್ತಿದಳು.