ಎರಡು ಬೆರಳು ಎತ್ತರದ ಬ್ಯಾಟರಿ

ನಮ್ಮ ಪುಟ್ಟ ಕಾರಿನ ಚಾವಣಿಗೆ ಒಳಗಿನಿಂದ ಅಂಟಿಸಿದ ಬೂದುಬಣ್ಣದ ಬಟ್ಟೆಯಲ್ಲಿ, ಚಾಲಕನ ನೆತ್ತಿಗೆ ಸರಿಯಾಗಿ, ಎಂಟಾಣೆ ಅಗಲದ ಒಂದು ಎಣ್ಣೆಕಲೆಯಿದೆ. ಕಾರು ತೊಳೆಯುವ ದಿನ ಅದನ್ನು ಸೋಪುನೀರಿನಿಂದ ಉಜ್ಜಿಬಿಡೋಣವೆಂದು ನನ್ನ ಕೈ ಮೇಲೇಳುತ್ತದೆ. ಅರ್ಧದಲ್ಲೇ ಮನಸ್ಸು ಬದಲಿಸಿ ಕೆಳಗಿಳಿಯುತ್ತದೆ. ಅದು ನನ್ನದೇ ತಲೆಯ ಕೊಬ್ಬರಿ ಎಣ್ಣೆ. ಕೂದಲು ವಿರಳವಾದ ಮೇಲೂ ಎಣ್ಣೆಯ ಪ್ರಮಾಣವನ್ನು ಮಾತ್ರ ಕಡಿಮೆ ಮಾಡದ ನನ್ನ ನಿಷ್ಠೆಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ನೋಡಿದವರ ಪಾಲಿಗೆ ಅದು ಕೊಳೆ, ನನ್ನ ಪಾಲಿಗೆ ಒಂದು ಉಪಕಾರದ ಗುರುತು. ಯಾರು ಮಾಡಿದ ಉಪಕಾರವೆಂದು ಹೇಳಬೇಕಾದರೆ ಬ್ಯಾಟರಿಯಿಂದ ಶುರುಮಾಡಬೇಕು. ಬ್ಯಾಟರಿಯಿಂದ ಶುರುವಾದದ್ದು ಎಲ್ಲಿಗೆ ಹೋಗಿ ಮುಟ್ಟೀತೆಂಬ ಭರವಸೆ ನಮ್ಮ ಕಾರನ್ನು ಬಲ್ಲ ಯಾರಿಗೂ ಇರುವುದಿಲ್ಲ, ಆದರೂ ಹೊರಡೋಣ.

ಹೊಸ ಶತಮಾನ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾಗ ನಾವು ಕೊಂಡ ಕಾರು ಅದು. ಪೆಟ್ರೋಲು ಕುಡಿಯದ, ಹೊಗೆ ಉಗುಳದ, ರಾತ್ರಿ ಮನೆಯ ಗೋಡೆಯಿಂದ ಕರೆಂಟು ಹೀರಿ ಬೆಳಿಗ್ಗೆ ಸದ್ದಿಲ್ಲದೆ ಹೊರಡುವ ಸಾಧು ಪ್ರಾಣಿ. ನಾನು ವಿಮಾ ಕಚೇರಿಯಲ್ಲಿ ಇತರರ ಅಪಾಯಗಳನ್ನು ಲೆಕ್ಕ ಹಾಕಿ ನಿವೃತ್ತನಾದವನು, ಸ್ವಂತಕ್ಕೆ ಒಂದು ಅಪಾಯವೂ ಇಲ್ಲದ ಬಾಳು ಬೇಸರವೆನಿಸಿ ಈ ಕಾರನ್ನು ತಂದೆನೆಂದು ಸ್ನೇಹಿತರು ಆಡಿಕೊಂಡರು. ನಿಜಸಂಗತಿ ಬೇರೆ. ಕಾರು ಕೊಂಡದ್ದು ನನ್ನ ಹೆಂಡತಿ ರತ್ನಳಿಗಾಗಿ. ಅದಕ್ಕೆ ಕ್ಲಚ್ಚೂ ಇಲ್ಲ, ಗೇರು ಬದಲಿಸುವ ಗೋಜೂ ಇಲ್ಲ. ಕಾಲ ಕೆಳಗೆ ಎರಡೇ ಪೆಡಲು, ಒಂದು ಹೋಗಲು, ಇನ್ನೊಂದು ನಿಲ್ಲಲು. ಅವಳು ಒಂದು ವಾರದಲ್ಲಿ ಕಲಿತಳು, ಲೈಸೆನ್ಸನ್ನೂ ಪಡೆದಳು. ತೊಂದರೆ ಒಂದೇ: ರತ್ನ ಕುಳ್ಳಿ. ನನ್ನ ಎದೆಯ ಜೇಬಿನಲ್ಲಿ ಏನಿದೆಯೆಂದು ಬಗ್ಗದೆಯೇ ನೋಡಬಲ್ಲಷ್ಟು ಕುಳ್ಳಿ. ಹಾಗಾಗಿ ಸೋಫಾದ ಮೇಲಿನ ಕೆಂಪು ಮಖಮಲ್ಲಿನ ದಿಂಬು ಕಾರಿಗೆ ಬಡ್ತಿ ಪಡೆಯಿತು. ಒಂದು ಸಂಜೆ ಹಲಸೂರು ಕೆರೆಯ ಪಕ್ಕದಲ್ಲಿ ನೀರಿನ ಟ್ಯಾಂಕರೊಂದು ಅಡ್ಡ ಬಂದು, ಅವಳು ಬ್ರೇಕು ಒತ್ತಿದ್ದೇ ತಡ, ದಿಂಬು ಮುಂದಕ್ಕೆ ಜಾರಿತು, ದಿಂಬಿನೊಡನೆ ಅವಳೂ ಜಾರಿದಳು, ಕಾರು ಕೆರೆಯ ಕಾಂಪೌಂಡನ್ನು ಮೆತ್ತಗೆ ಮುಟ್ಟಿ ನಿಂತಿತು. ಒಂದು ದೀಪದ ಗಾಜು ಬಿಟ್ಟರೆ ಬೇರೇನೂ ಒಡೆಯಲಿಲ್ಲ. ಆದರೆ ಮನೆಗೆ ಬಂದವಳು ದಿಂಬನ್ನು ಸೋಫಾದ ಮೇಲಿಟ್ಟು, "ಕಾಣ್ದೆ ಓಡ್ಸೋಕೆ ನನ್ಕೈಲಾಗಲ್ಲ ರೀ," ಎಂದಳು. ಅಂದಿನಿಂದ ಲೈಸೆನ್ಸು ಬ್ಯಾಂಕಿನಲ್ಲಿ ಮುಖ ತೋರಿಸುವ ಕೆಲಸಕ್ಕಷ್ಟೇ ಉಳಿಯಿತು, ಕಾರು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವಳ ಕುಳ್ಳುತನವನ್ನು ಜಗತ್ತಿನಲ್ಲಿ ಎಂದೂ ದೋಷವೆಂದು ಕಾಣದವರು ಒಬ್ಬರೇ, ಅವಳ ಅಕ್ಕ ಸರೋಜಕ್ಕ. ನನ್ನ ಮಾವನವರು ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು; ವಿಮಾನಪುರದ ಕ್ವಾರ್ಟರ್ಸಿನಲ್ಲಿ ಇಬ್ಬರು ಹೆಣ್ಣುಮಕ್ಕಳೂ ಬೆಳೆದರು. ಮಧ್ಯಾಹ್ನದ ಹೊತ್ತು ವಿಮಾನ ಏಳುವ ಸದ್ದು ಕೇಳಿದರೆ ಮಕ್ಕಳೆಲ್ಲ ಕಾರ್ಖಾನೆಯ ಎತ್ತರದ ಗೋಡೆಯ ಬಳಿ ಓಡುತ್ತಿದ್ದರಂತೆ. ಅಕ್ಕನಿಗೆ ತುದಿಗಾಲಲ್ಲಿ ನಿಂತರೆ ರನ್‌ವೇಯ ಅಂಚು ಕಾಣುತ್ತಿತ್ತು; ತಂಗಿಗೆ ಗೋಡೆಯ ಗಾರೆ ಮಾತ್ರ. ಅಕ್ಕ ಅವಳನ್ನು ಸೊಂಟಕ್ಕೆ ಹಾಕಿಕೊಂಡು, ಏದುಸಿರು ಬಿಡುತ್ತ, "ಕಾಣ್ಸ್ತಾ?" ಎಂದು ಕೇಳುವಳು. "ಇನ್ನೂ ಸ್ವಲ್ಪ ಎತ್ತು," ಎಂದು ಇವಳ ಉತ್ತರ. ಹಾಗೆ ಎತ್ತುತ್ತ ಎತ್ತುತ್ತ ಅಕ್ಕ ಒಂದೂ ವಿಮಾನವನ್ನು ನೆಟ್ಟಗೆ ನೋಡಿದ್ದಿಲ್ಲವೆಂದು ರತ್ನ ಈಗಲೂ ಹೇಳಿಕೊಂಡು ನಗುತ್ತಾಳೆ.

ಸರೋಜಕ್ಕನನ್ನು ಕೊಟ್ಟದ್ದು ಗರುಡಾಚಾರ್‌ಪಾಳ್ಯದ ಒಕ್ಕಲು ಮನೆತನಕ್ಕೆ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಷೆಡ್ಡುಗಳು ಬೆಳೆದಿವೆ, ಮಗ ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಸರೋಜಕ್ಕನ ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಒಂದೆರಡು ಪದಕ್ಕೆ ಕುಗ್ಗಿತು. ಅಂದಿನಿಂದ ರತ್ನಳಿಗೆ ದಿನಕ್ಕೊಮ್ಮೆ ಅಕ್ಕನನ್ನು ನೋಡಲೇಬೇಕು. ಕಲ್ಯಾಣ ನಗರದ ನಮ್ಮ ಮನೆಯಿಂದ ಕೆ.ಆರ್. ಪುರದ ತೂಗುಸೇತುವೆ ದಾಟಿ ಗರುಡಾಚಾರ್‌ಪಾಳ್ಯಕ್ಕೆ ಹೋಗಿ ಬರುವುದು ಕಾರಿಗೆ ಮೊದಲು ಯಾವ ಲೆಕ್ಕದ್ದೂ ಆಗಿರಲಿಲ್ಲ. ಬರಬರುತ್ತ ಬ್ಯಾಟರಿಗಳಿಗೆ ವಯಸ್ಸಾಯಿತು. ಹೋಗುವಾಗ ಚಾರ್ಜಿನ ಮುಳ್ಳು ನಡುವಿಗೆ ಬಂದಿರುತ್ತಿತ್ತು, ಬರುವಾಗ ನೆಲ ಕಚ್ಚುತ್ತಿತ್ತು. ಅದರ ಮೇಲೆ ದೀಪ ಹಾಕಿದರಂತೂ ಮನೆ ಸೇರುವ ಆಸೆಯನ್ನೇ ಬಿಡಬೇಕು. ಹೀಗಾಗಿ ಕತ್ತಲಾಗುವ ಮುನ್ನ ಹೊರಟುಬಿಡುವುದು ನಮ್ಮ ನಿಯಮವಾಯಿತು. ಔಷಧಿಯ ಮಂಪರಿನಲ್ಲಿ ಸರೋಜಕ್ಕ ಏಳುತ್ತಿದ್ದದ್ದೇ ದೀಪ ಹಚ್ಚುವ ಹೊತ್ತಿಗೆ. ತಂಗಿ ಎರಡು ಗಂಟೆ ಪಕ್ಕದಲ್ಲಿ ಕೂತು ಮಲಗಿದ ಮುಖ ನೋಡಿ, ಆ ಕಣ್ಣು ತೆರೆಯುವ ಹೊತ್ತಿಗೆ ಚಪ್ಪಲಿ ಮೆಟ್ಟುತ್ತಿದ್ದಳು. "ಬಂದ್ಯಾ," ಎಂಬ ಒಂದು ಪದವನ್ನು ಕೂಡಿಸಿಕೊಳ್ಳಲು ಅಕ್ಕ ಹೆಣಗುತ್ತಿರುವಾಗ ನಾನು ಹೊರಗಿನಿಂದ ಹಾರ್ನು ಒತ್ತುತ್ತಿದ್ದೆ.

ಅಲ್ಲೇ ಚಾರ್ಜಿಗೆ ಹಾಕಬಹುದಿತ್ತಲ್ಲ ಎಂದು ಕೇಳುತ್ತೀರಿ. ಹಾಕಿ ನೋಡಿದೆವು. ಆ ಕಡೆಗೆ ಸಂಜೆ ಹೊತ್ತು ಕರೆಂಟು ಬರುವುದು ಅದರ ಮರ್ಜಿ. ಆಟೋದವರಿಗೆ ಊರಿನ ಹೆಸರು ಹೇಳಿದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕಾರು ಮಾರಿ ಬೇರೆಯದು ಕೊಳ್ಳಿ ಎಂಬ ಹಿತವಚನ ಬೀದಿಯ ಎರಡೂ ಬದಿಯಿಂದ ಬಂತು, ಆದರೆ ಕ್ಲಚ್ಚು ಗೇರುಗಳ ಲೋಕಕ್ಕೆ ಈ ವಯಸ್ಸಿನಲ್ಲಿ ಹಿಂತಿರುಗಲು ನನ್ನ ಮೊಣಕಾಲುಗಳು ಒಪ್ಪಲಿಲ್ಲ. ಕಡೆಗೆ ಶಿವಾಜಿನಗರದ ಬ್ಯಾಟರಿ ಅಂಗಡಿಯ ಮಸ್ತಾನ್ ಭಾಯಿಯನ್ನು ಹೋಗಿ ಕಂಡೆ. ಸೀಟುಗಳ ಕೆಳಗೆ ಸಾಲಾಗಿ ಕೂತ ಎಂಟು ಬ್ಯಾಟರಿಗಳನ್ನು ನೋಡಿ ಅವರು, "ಎಂಟೂ ಚೇಂಜ್ ಮಾಡ್ಬೇಕು ಸಾಬ್. ಹೊಸಾದು ಹಳೇದು ಜೋಡಿ ಹಾಕಿದ್ರೆ ಹಳೇದು ಹೊಸಾದನ್ನ ತಿಂದ್ಬಿಡುತ್ತೆ," ಎಂದರು. ಅವಿಭಕ್ತ ಕುಟುಂಬದಲ್ಲಿ ಹುಟ್ಟಿ ಬೆಳೆದ ನನಗೆ ಇದರ ಅರ್ಥವಾಗಲು ವಿದ್ಯುತ್ ಶಾಸ್ತ್ರ ಬೇಕಾಗಲಿಲ್ಲ. ಹಳೆಯ ನಮೂನೆಯ ಬ್ಯಾಟರಿ ಈಗ ತಯಾರಾಗುವುದಿಲ್ಲ, ಹೊಸ ನಮೂನೆ ಇದಕ್ಕಿಂತ ಹೆಚ್ಚು ದೂರ ಓಡಿಸುತ್ತದೆ, ಜಾಗದ ಅಳತೆ ಕೊಟ್ಟರೆ ಹೊಂದುವುದನ್ನು ತರಿಸುತ್ತೇನೆ ಎಂದೂ ಹೇಳಿದರು.

ಮನೆಗೆ ಬಂದು, ರತ್ನಳ ಹೊಲಿಗೆಯ ಟೇಪು ಹಿಡಿದು, ಸೀಟು ಎತ್ತಿ, ನಾನೇ ಖುದ್ದಾಗಿ ಅಳೆದೆ. ಉದ್ದ ಅಳೆದೆ, ಅಗಲ ಅಳೆದೆ, ಖಾತರಿಗೆ ಇನ್ನೊಮ್ಮೆ ಅಳೆದೆ, ಫೋನಿನಲ್ಲಿ ಒಪ್ಪಿಸಿದೆ. ಎತ್ತರವನ್ನು ಅಳೆಯಬೇಕೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮ ಬಡಾವಣೆಗಳಲ್ಲಿ ಬಾಳಿದ ಮನುಷ್ಯನಿಂದ ಬೇರೇನು ನಿರೀಕ್ಷಿಸುತ್ತೀರಿ? ಮೂವತ್ತು ನಲವತ್ತರ ಸೈಟು, ನಲವತ್ತು ಅರವತ್ತರ ಸೈಟು ಎಂದು ಮೂರು ದಶಕ ಉದ್ದಗಲಗಳನ್ನೇ ಜಪಿಸಿದವರು ನಾವು. ಎತ್ತರವೆಂಬುದು ಮುಂದೆ ದುಡ್ಡು ಬಂದಾಗ ನೋಡಿಕೊಳ್ಳುವ ವಿಷಯ. ಮೇಲೆ ಆಕಾಶವಿದೆ, ಅದಕ್ಕೆ ಯಾರೂ ಬೇಲಿ ಹಾಕಿಲ್ಲ. ಇಷ್ಟಕ್ಕೂ ನಾನು ಆರಡಿಯ ಆಳು. ಮೇಲಿನ ಗೂಡಿನ ಡಬ್ಬಿ ತೆಗೆಯಲು ಸ್ಟೂಲು ಹುಡುಕದವನು ಎತ್ತರದ ಬಗ್ಗೆ ಯಾತಕ್ಕೆ ಯೋಚಿಸಿಯಾನು?

ಬ್ಯಾಟರಿಗಳು ಬಂದವು. ಮಸ್ತಾನ್ ಭಾಯಿ ಹಳೆಯದನ್ನು ಇಳಿಸಿ, ಹೊಸದನ್ನು ಕೂರಿಸಿ, ಅವುಗಳ ಹಸಿವಿಗೆ ತಕ್ಕಂತೆ ಚಾರ್ಜರನ್ನು ತಿರುವಿ ಹೊಂದಿಸಿ, ರಾತ್ರಿಯಿಡೀ ಅಂಗಡಿಯಲ್ಲೇ ಚಾರ್ಜು ಮಾಡಿದರು. ಮರುದಿನ ಮಧ್ಯಾಹ್ನ ನಾನೂ ರತ್ನಳೂ ಬಸ್ಸಿಳಿದು ಅಂಗಡಿಗೆ ಹೋದಾಗ ಅವರು ಸೀಟನ್ನು ತಬ್ಬಿ ನಿಂತಿದ್ದರು. ಉದ್ದ ಸರಿಯಾಗಿತ್ತು, ಅಗಲ ಸರಿಯಾಗಿತ್ತು. ಬ್ಯಾಟರಿ ಮಾತ್ರ ಹಳೆಯದಕ್ಕಿಂತ ಎರಡು ಬೆರಳು ಎತ್ತರವಾಗಿತ್ತು. ಸೀಟು ಕೂರುತ್ತಿರಲಿಲ್ಲ. "ಹೈಟ್ ನೀವು ಹೇಳ್ಲೇ ಇಲ್ಲ ಸಾಬ್," ಎಂದರು. ನೀವು ಕೇಳಲೇ ಇಲ್ಲ ಎಂದೆ. ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ನೋಡಿಕೊಂಡೆವು. ಚೌಕಟ್ಟಿಗೆ ವೆಲ್ಡಿಂಗ್ ಮಾಡಿಸಿದರೆ ಹೇಗೆ ಎಂಬ ನನ್ನ ಸಲಹೆಗೆ, "ಬ್ಯಾಟರಿ ಮೇಲೆ ವೆಲ್ಡಿಂಗಾ? ಯಾ ಅಲ್ಲಾ! ಆಮೇಲೆ ನಾನೂ ಇರಲ್ಲ, ಅಂಗಡೀನೂ ಇರಲ್ಲ," ಎಂದು ಕೈಮುಗಿದರು. ಬ್ಯಾಟರಿಯ ತಂತಿ ಸಿಕ್ಕಿಸುವ ಕೊಂಬುಗಳು ಹಿಂಬದಿಗಿದ್ದುದರಿಂದ ಹಿಂದೆ ದಪ್ಪನೆಯ, ಮುಂದೆ ತೆಳ್ಳನೆಯ ಮರದ ತುಂಡುಗಳನ್ನಿಟ್ಟು, ಉದ್ದನೆಯ ಬೋಲ್ಟುಗಳಿಂದ ಬಿಗಿದು, ಅಲ್ಲಾಡದಂತೆ ಮಾಡಿಕೊಡುವಷ್ಟರಲ್ಲಿ ಸಂಜೆಯಾಗಿತ್ತು. ಎರಡು ಸೀಟುಗಳೂ ಮೇಲೆದ್ದು ಕೊಂಚ ಮುಂದಕ್ಕೆ ಬಾಗಿದವು, ಬೆಂಚಿನ ತುದಿಗೆ ಸರಿದು ಕೂತ ಹೊಸ ವಿದ್ಯಾರ್ಥಿಗಳ ಹಾಗೆ.

ನಾನು ಕೂತೆ. ತಲೆ ಚಾವಣಿಗೆ ತಾಗಿತು, ಮೊಣಕಾಲು ಸ್ಟಿಯರಿಂಗಿಗೆ ತಾಗಿತು. ಕತ್ತು ವಾಲಿಸಿಕೊಂಡೇ ಹೊರಟೆ, ಏಕೆಂದರೆ ಮುಳ್ಳು ತುದಿಯಲ್ಲಿ ನಿಂತಿತ್ತು, ಎಷ್ಟೋ ತಿಂಗಳ ಮೇಲೆ ಮೊದಲ ಬಾರಿಗೆ ರತ್ನ, "ಸೀದಾ ಅಕ್ಕನ ಮನೇಗೇ ಹೋಗೋಣ ರೀ, ಇವತ್ತು ದೀಪ ಹಚ್ಚೋವರ್ಗೂ ಇರ್ಬಹುದಲ್ವಾ?" ಎಂದಿದ್ದಳು. ಸಿಗ್ನಲ್ಲಿನಲ್ಲಿ ಇನ್ನೊಂದು ಸಂಕಟ ಎದುರಾಯಿತು. ಗಾಜಿನ ಮೇಲಂಚು ನನ್ನ ಹುಬ್ಬಿನ ಮಟ್ಟಕ್ಕೆ ಬಂದಿದ್ದರಿಂದ ದೀಪ ಕೆಂಪೋ ಹಸಿರೋ ನನಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ರಾಣಿಯಂತೆ ನೆಟ್ಟಗೆ ಕೂತಿದ್ದ ರತ್ನ, "ಹಸಿರು ಬಂತು, ಹೋಗ್ರಿ," "ಕೆಂಪು, ನಿಲ್ಸಿ," ಎಂದು ವರದಿ ಒಪ್ಪಿಸುತ್ತಿದ್ದಳು. ಹಲಸೂರಿನವರೆಗೆ ಸಿಕ್ಕ ಪ್ರತಿಯೊಂದು ಉಬ್ಬಿಗೂ ನನ್ನ ನೆತ್ತಿ ಚಾವಣಿಗೆ ಒಂದೊಂದು ಮುದ್ರೆ ಒತ್ತಿತು. ಕೆರೆಯ ಬಳಿಯ ಉಬ್ಬಿಗೆ ಕಣ್ಣಲ್ಲಿ ನೀರೇ ಬಂತು. ಬದಿಗೆ ನಿಲ್ಲಿಸಿ ತಲೆ ಸವರಿಕೊಂಡೆ.

ರತ್ನ ತನ್ನ ಪಕ್ಕದ ಕಿಟಕಿಯಿಂದ ಕೆರೆಯ ಕಾಂಪೌಂಡನ್ನು ನೋಡುತ್ತಿದ್ದಳು. ಆಮೇಲೆ ಎದುರಿನ ಗಾಜಿನಾಚೆ ರಸ್ತೆಯನ್ನು ನೋಡಿದಳು. "ರೀ, ನಂಗೆ ಬಾನೆಟ್ ಕಾಣ್ತಿದೆ," ಎಂದಳು. ಕಾಣಲಿ ಬಿಡು, ನನಗೆ ನಕ್ಷತ್ರ ಕಾಣುತ್ತಿದೆ ಎಂದೆ. ಅವಳು ನಗಲಿಲ್ಲ. ಬಾಗಿಲು ತೆಗೆದು ಸುತ್ತಿ ಬಂದು ನನ್ನ ಪಕ್ಕ ನಿಂತು, "ಇಳೀರಿ," ಎಂದಳು.

ಇಳಿದೆ. ಅವಳು ಕೂತು ಸೀಟನ್ನು ಮುಂದೆ ಸರಿಸಿಕೊಂಡಳು. ಮುಂದಕ್ಕೆ ಬಾಗಿದ್ದ ಆ ಸೀಟಿನಿಂದ ಅವಳ ಪಾದಗಳು ಪೆಡಲುಗಳ ಮೇಲೆ ಮನೆಯ ಚಪ್ಪಲಿಗೆ ಇಳಿದಷ್ಟು ಸಲೀಸಾಗಿ ಇಳಿದವು. ದಿಂಬಿಲ್ಲ, ಜಾರುವ ಮಾತಿಲ್ಲ. ಅವಳ ಕಣ್ಣು ಸ್ಟಿಯರಿಂಗಿನ ಮೇಲಿಂದ ಇಡೀ ಬೀದಿಯನ್ನು ನೋಡುತ್ತಿತ್ತು. ಎಡಗಡೆ ಕೂತ ನಾನು ಬೆನ್ನಿನ ಭಾಗವನ್ನು ಹಿಂದಕ್ಕೆ ವಾಲಿಸಿ ಜಮೀನ್ದಾರನಂತೆ ಒರಗಿಕೊಂಡೆ. ಚಾಲಕನಿಗಿಲ್ಲದ ಈ ಸೌಕರ್ಯ ಪ್ರಯಾಣಿಕನಿಗಿದೆಯೆಂದು ಅಂದೇ ತಿಳಿದದ್ದು. ಮೊದಲ ಸ್ವಲ್ಪ ದೂರ ಅವಳ ಬೆರಳ ಗಿಣ್ಣುಗಳು ಬೆಳ್ಳಗಿದ್ದವು. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಇಂದಿರಾನಗರ ದಾಟುವಾಗ ಅವಳ ಬೆರಳು ಸಡಿಲವಾದವು, ನನ್ನ ಕಾಲೂ ವಿಶ್ರಮಿಸಿತು. ತೂಗುಸೇತುವೆಯ ಮೇಲೆ ಲಾರಿಗಳ ನಡುವೆ ಕತ್ತಲಿಳಿಯಿತು. ಅವಳು ಮುಳ್ಳಿನ ಕಡೆಗೊಮ್ಮೆ ನೋಡಿ, ಎಷ್ಟೋ ತಿಂಗಳಿಂದ ಮುಟ್ಟದಿದ್ದ ಗುಂಡಿಯನ್ನೊತ್ತಿ ದೀಪ ಹಾಕಿದಳು. ಮುಳ್ಳು ಕದಲಲಿಲ್ಲ. ಆ ಕ್ಷಣ ಮಸ್ತಾನ್ ಭಾಯಿಗೆ, ಮರದ ತುಂಡುಗಳಿಗೆ, ಯಾವುದೋ ಕಾರ್ಖಾನೆಯಲ್ಲಿ ಆ ಬ್ಯಾಟರಿಯನ್ನು ಎರಡು ಬೆರಳು ಎತ್ತರ ಮಾಡಿದ ಪುಣ್ಯಾತ್ಮನಿಗೆ, ಎತ್ತರ ಅಳೆಯದ ನನ್ನ ಮಂದಬುದ್ಧಿಗೂ ಸೇರಿಸಿ, ಮನಸ್ಸಿನಲ್ಲೇ ಕೈಮುಗಿದೆ.

ಗರುಡಾಚಾರ್‌ಪಾಳ್ಯದಲ್ಲಿ ಎಂದಿನಂತೆ ಕರೆಂಟು ಹೋಗಿತ್ತು. ಸೊಸೆ ಸರೋಜಕ್ಕನನ್ನು ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ದೀಪ ಹಚ್ಚಿಟ್ಟಿದ್ದಳು. ಕಾರಿನ ಬೆಳಕು ಅವರ ಮೇಲೆ ಬಿತ್ತು. ಜಗಲಿಯ ಹತ್ತಿರ ನಿಲ್ಲಿಸಿ ರತ್ನ ಅದನ್ನು ಆರಿಸಿ, ಕಾರಿನೊಳಗಿನ ದೀಪ ಹಾಕಿದಳು. ಸರೋಜಕ್ಕ ಎದ್ದಿದ್ದರು, ಪೂರ್ತಿ ಎಚ್ಚರವಾಗಿದ್ದರು. ಹಿಂದಿನ ಅಭ್ಯಾಸದಂತೆ ತಂಗಿಯನ್ನು ಕಾರಿನ ಎಡಗಡೆ ಹುಡುಕಿದರು. ಅಲ್ಲಿ ಉದ್ದಕ್ಕೆ ಒರಗಿದ್ದ ನನ್ನನ್ನು ಕಂಡು ಗಾಬರಿಯಾಗಿರಬೇಕು. ಆಮೇಲೆ ಬಲಗಡೆ ನೋಡಿದರು. ಸ್ಟಿಯರಿಂಗಿನ ಮೇಲೆ ತಲೆ, ಕತ್ತು, ಭುಜ, ಎಲ್ಲವೂ ಕಾಣುವಂತೆ ಕೂತಿದ್ದ ತಂಗಿಯನ್ನು ಬಹಳ ಹೊತ್ತು ನೋಡಿದರು. ಒಂದು ಪದಕ್ಕೂ ತಿಣುಕುತ್ತಿದ್ದ ಬಾಯಿ ನಿಧಾನವಾಗಿ ಅಲುಗಿತು.

"ಕಾಣ್ಸ್ತಾ?"

ರತ್ನ ಕಾರು ಇಳಿಯುವುದನ್ನೂ ಮರೆತು, ಕಿಟಕಿಯಿಂದಲೇ, "ಕಾಣ್ಸ್ತು ಅಕ್ಕಾ, ಎಲ್ಲಾ ಕಾಣ್ಸ್ತು," ಎಂದಳು. ಹೇಳಿದವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿದರೆ ಆ ಕ್ಷಣ ಏನೂ ಕಾಣುತ್ತಿರಲಿಲ್ಲವೆಂದು ನನಗೆ ಗೊತ್ತಾಯಿತು. ನನಗೂ ಅಷ್ಟೇ.

ಅಂದು ರತ್ನ ಅಕ್ಕನಿಗೆ ಊಟ ಮಾಡಿಸಿ, ಮಲಗಿಸಿ, ಆಮೇಲೆ ಹೊರಟಳು. ಮರುದಿನವೂ ಹಾಗೆಯೇ, ಈಗ ಅವಳು ಒಬ್ಬಳೇ ಹೋಗಿ ಬರುವ ದಿನಗಳೂ ಇವೆ, ನಾನು ಬರಲೇ ಎಂದರೆ, "ಬನ್ನಿ, ಆದ್ರೆ ಹಾರ್ನ್ ಮುಟ್ಬಾರ್ದು," ಎಂಬ ಷರತ್ತಿನ ಮೇಲೆ ಕರೆದೊಯ್ಯುತ್ತಾಳೆ. ಕೆಂಪು ದಿಂಬು ಸೋಫಾದ ಮೇಲೆ ಸುಖವಾಗಿದೆ. ಚಾವಣಿಯ ಎಣ್ಣೆಕಲೆ ಅಂದು ಶಿವಾಜಿನಗರದಿಂದ ಹಲಸೂರಿಗೆ ಬರುವಷ್ಟರಲ್ಲಿ ಎಷ್ಟು ಬೆಳೆದಿತ್ತೋ ಅಷ್ಟೇ ಇದೆ, ಮುಂದೆ ಬೆಳೆಯಲಿಲ್ಲ. ಅದರ ಕೆಳಗೆ ಈಗ ರತ್ನ ಕೂರುತ್ತಾಳೆ, ಅವಳ ತಲೆಗೂ ಆ ಕಲೆಗೂ ನಡುವೆ ಒಂದು ಗೇಣು ಜಾಗ ಉಳಿದಿದೆ. ಕಾರು ತೊಳೆಯುವಾಗ ಸೋಪುನೀರಿನ ಕೈಯನ್ನು ನಾನು ಕೆಳಗಿಳಿಸುವುದು ಆ ಒಂದು ಗೇಣು ಜಾಗವನ್ನು ನೋಡುತ್ತ.