ನಕ್ಷೆಯಲ್ಲಿಲ್ಲದ ಕಲ್ಲು

ಇತಿಹಾಸವು ಮನುಷ್ಯನ ಕಾಲಡಿಯಲ್ಲೇ ನಿದ್ರಿಸುತ್ತಿರುತ್ತದೆ ಎಂದು ಪ್ರಾಜ್ಞರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ನಿದ್ರೆಯ ಭಾಗ್ಯವಿರಲಿಲ್ಲ. ಹಿತ್ತಲಲ್ಲಿ ಬೋರಲು ಬಿದ್ದಿದ್ದ ಅದರ ಬೆನ್ನ ಮೇಲೆ ನಮ್ಮ ಸೋದರತ್ತೆ ಪುಟ್ಟತಾಯಮ್ಮ ದಿನಾ ಬೆಳಗ್ಗೆ ನನ್ನ ಪಂಚೆಯನ್ನು ಎತ್ತೆತ್ತಿ ಒಗೆಯುತ್ತಿದ್ದಳು. ಕಲ್ಲಿನ ಕೆಳಮೈಯಲ್ಲಿ ಕತ್ತಿ ಹಿರಿದ ವೀರನೊಬ್ಬನಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಮೇಲೆ ನುಣುಪಾಗಿದ್ದರಾಯಿತು, ಕೆಳಗೆ ಯಾರಿದ್ದರೇನು, ನೀವೇ ಹೇಳಿ.

ಹಳೇಕೋಟೆಯ ಮಗ್ಗುಲಿನ ನಮ್ಮೂರಿನಲ್ಲಿ ಇದೇನೂ ಅಪರೂಪದ ವೈಭವವಲ್ಲ. ಎಂದೋ ಬಿದ್ದುಹೋದ ಗುಡಿಯ ಕಲ್ಲುಗಳನ್ನು ಹಿರಿಯರು ಗಾಡಿ ಕಟ್ಟಿ ಮನೆಮನೆಗೆ ಹಂಚಿಕೊಂಡಿದ್ದರು. ಒಬ್ಬರಿಗೆ ಮೆಟ್ಟಿಲು, ಇನ್ನೊಬ್ಬರ ದನಕ್ಕೆ ಬಾನಿ. ಇಲ್ಲದ್ದೆಂದರೆ ಕುಡಿಯುವ ನೀರು. ಕೆರೆಯ ಕೆಂಪು ನೀರು ಒಗೆತಕ್ಕಾದೀತು, ಬಾಯಿಗಾಗದು. ಮುಪ್ಪಿನಲ್ಲೂ ನಮ್ಮತ್ತೆ ಕೊಡ ಹೊತ್ತು ಹೊಳೆಗೆ ನಡೆಯುತ್ತಿದ್ದಳು, ಹೋಗುವಾಗ ದೇವರನ್ನೂ ಬರುವಾಗ ಪಂಚಾಯಿತಿಯನ್ನೂ ಬಯ್ಯುತ್ತ.

ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ಬಾವಿಯೂ ಮಂಜೂರಾಯಿತು. ಪ್ರಾಚೀನ ಅವಶೇಷಗಳ ನಕ್ಷೆ ನೋಡಿಯೇ ಅಗೆಯಬೇಕು, ಅದರಲ್ಲಿ ಅವಶೇಷಕ್ಕೆ ಹಾಕಿದ ಕೆಂಪು ಸುತ್ತಿನೊಳಗೆ ಗುದ್ದಲಿ ಹಾಕಕೂಡದು ಎಂದು ಮೇಲಿನಿಂದ ಅಪ್ಪಣೆ. ಮಾರ್ಚಿಯೊಳಗೆ ಜಾಗ ತೋರಿಸದಿದ್ದರೆ ಬಾವಿ ಪಕ್ಕದೂರಿಗೆ.

ನಕ್ಷೆ ಬರೆಯಲು ಬಂದ ಅಧಿಕಾರಿ ಸಾಧು ಮನುಷ್ಯ. ಗುಡಿಯ ಅಡಿಪಾಯವೊಂದನ್ನೇ ಗುರುತಿಸಿ ಹೊರಟಿದ್ದರು. ಛೇರ್ಮನ್ ಶಿವಣ್ಣ ಬಿಡಬೇಕಲ್ಲ!

"ನಮ್ಮನೆ ಮೆಟ್ಲುಗಲ್ಲೂ ಬರ್ಕಳಿ ಸಾ, ಅದ್ರಾಗೂ ಆನೆ ಐತೆ."

"ಶಿವಣ್ಣ, ನಿಮ್ಮಾನೆಗೆ ಸೊಂಡ್ಲೇ ಇಲ್ಲ ಕಣ!" ಎಂದ ಎದುರುಮನೆಯ ಕೆಂಪಣ್ಣ. "ನಮ್ ಬಾನಿ ನೋಡ್ಬನ್ನಿ ಸಾ, ಅದ್ರ ಮೇಲೊಬ್ಳು ಎಂಗ್ ಕುಣೀತಾವ್ಳೆ!"

ಊರಿಗೆ ಊರೇ ಸ್ಪರ್ಧೆಗಿಳಿಯಿತು. ಮನೆಗೊಂದು ಲೋಟ ಮಜ್ಜಿಗೆ, ಮಜ್ಜಿಗೆಗೊಂದು ಕೆಂಪು ಸುತ್ತು. ಸಂಜೆಗೆ ನಕ್ಷೆಗೆ ದಡಾರ ಎದ್ದಂತಾಗಿತ್ತು. ಕಲ್ಲು ಎಲ್ಲಿದೆಯೆಂದು ಎಲ್ಲರೂ ತೋರಿಸಿದರು. ಎಲ್ಲಿಂದ ಬಂತೆಂದು ಒಬ್ಬರೂ ಹೇಳಲಿಲ್ಲ.

ಅಧಿಕಾರಿ ನಮ್ಮ ಹಿತ್ತಲಿಗೂ ಬಂದರು. ಅತ್ತೆ ಸೆರಗು ಸಿಕ್ಕಿಸಿ ಎದುರು ನಿಂತಳು. "ಕಲ್ಮೇಲೆ ಬಟ್ಟೆಗೆ ಸೋಪಾಕಿ ಮಡಗಿವ್ನಿ ಕಣಪ್ಪ, ಈಗ ಎತ್ತಕ್ಕಾಗಕಿಲ್ಲ. ನಿಮ್ ರಾಜ್ರು ಗೀಜ್ರು ಯಾರಾದ್ರೂ ಇದ್ರೆ ನಾಳಿಕ್ ಬರಾಕೇಳು."

ನಾಳೆ ಅವರಿಗೆ ಅರಕಲಗೂಡಿನಲ್ಲಿ ಕೆಲಸವಿತ್ತು.

ಪಂಚಾಯಿತಿ ಸೇರಿ ನಕ್ಷೆ ಹರಡಿದಾಗ ಶಿವಣ್ಣನ ಬೆರಳು ಊರೆಲ್ಲ ಅಲೆದು ಸೋತಿತು. ನೀರು ಸಿಗುವುದೆಂದು ನಂಬಿದ್ದ ಜಾಗದ ಮೇಲೆ ಅವರದೇ ಆನೆ ಕೂತಿತ್ತು. "ಊರ್ ತುಂಬ ರಾಜ್ರೇ ಅವ್ರೆ, ನೀರಿಗೇ ಜಾಗ ಇಲ್ವಲ್ರಪ್ಪಾ!"

"ಅಲ್ಲೊಂದ್ ಚೂರು ಬೆಳ್ಳಗದೆ ನೋಡು ಶಿವಣ್ಣ," ಎಂದಳು ಅತ್ತೆ ಬಾಗಿಲಿನಿಂದ. ಅದು ನಮ್ಮ ಹಿತ್ತಲು.

ಶಿವಣ್ಣ ಗಂಟಲು ಸರಿಮಾಡಿಕೊಂಡರು. "ಅತ್ಗೆಮ್ಮ, ನಿಮ್ಮಿತ್ಲಲ್ಲಿ ಏನೂ ಇಲ್ವಾ?"

"ಐತಲ್ಲ, ಸೋಪು!"

ನಗುವಿನಲ್ಲಿ ಮಂಡಳಿ ಮುಳುಗಿತು; ಸರ್ವಾನುಮತವೂ ಅದರಲ್ಲೇ ತೇಲಿಬಂತು. ಸ್ವಂತ ಕಲ್ಲಿನ ಕೀರ್ತಿಗೆ ಅಷ್ಟು ಗಂಟಲು ಹರಿದುಕೊಂಡವರು ನಮ್ಮ ಕಲ್ಲಿನ ಬಗ್ಗೆ ಪರಮ ವಿನಯದಿಂದ ಮೌನವಾಗಿದ್ದರು.

ಈಗಲೂ ಆ ಕಲ್ಲಿನ ಮೇಲೆ ಬಟ್ಟೆ ಬೀಳುವ ಸದ್ದು ಕೇಳಿದಾಗ ಕೆಳಗಿನ ವೀರನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಯಾರ ಹಸು ಬಿಡಿಸಲು ಸತ್ತನೋ, ಯಾವ ಊರು ಕಾದನೋ. ಈ ಊರನ್ನು ಕಾದದ್ದು ಮಾತ್ರ ಮುಖವನ್ನೇ ತೋರಿಸದೆ.

ಬಾವಿ ನಮ್ಮ ಹಿತ್ತಲಲ್ಲೇ ಆಯಿತು. ನೀರು ಸಿಹಿಯಾಗಿದೆ.