ಕಾಲಡಿಯವನಿಗೆ ಎಣ್ಣೆ

ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ನಂಬಿದವನಲ್ಲ. ಹೊಳಲ್ಕೆರೆಯಲ್ಲಿ ತಂದೆಯ ಕಾಲದಿಂದ ನಡೆದುಬಂದ ವೈದ್ಯ ನಮ್ಮದು. ಬಾಯಿಪಾಠದ ಶಾಸ್ತ್ರವೇ ನನ್ನ ಆಸ್ತಿ. ಅದರ ಜಂಬವೂ ಇತ್ತು. ಆದದ್ದನ್ನು ಆದಂತೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಕಡೆ ಇನ್ನೂ ಮೋಟಾರು ಕಾಣದ ಕಾಲ. ಶ್ರೀರಾಂಪುರದ ಹತ್ತಿರದ ಕುರುಬರ ಹಟ್ಟಿಯಿಂದ ಕೆಂಚಮ್ಮನೆಂಬ ಮುದುಕಿ ಗಾಡಿ ಕಳಿಸಿದ್ದಳು. ಸೊಸೆ ಈರಮ್ಮನಿಗೆ ಮೂರ್ಛೆರೋಗ. ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡಿದ್ದಳು. ವಾಸಿಯಾಗದಿದ್ದರೆ ಯಲ್ಲದಕೆರೆಯ ತವರಿಗೆ ಬಿಟ್ಟುಬರುವುದೆಂದು ಗಂಡಸರು ತೀರ್ಮಾನಿಸಿದ್ದರು. ಅವಳ ಮಡಿಲಲ್ಲಿ ಮೊಲೆ ಬಿಡದ ಕೂಸು. ಕೂಸನ್ನು ಮಾತ್ರ ಇಲ್ಲೇ ಉಳಿಸಿಕೊಳ್ಳುವವರಿದ್ದರು.

ನನ್ನ ಬಜೆ, ಬ್ರಾಹ್ಮಿ ತುಪ್ಪ ಯಾವುದೂ ನಾಟಲಿಲ್ಲ. ಕೊನೆಗೆ ಕೆಂಚಮ್ಮ ನನ್ನನ್ನೂ ಕೂಸು ಎತ್ತಿಕೊಂಡ ಈರಮ್ಮನನ್ನೂ ಊರಾಚೆಯ ಹಾಳು ಗುಡಿಗೆ ಕರೆದೊಯ್ದಳು. ಅಲ್ಲಿ ಶಿವ ಕುಣಿಯುವ ಕಲ್ಲಿನ ಮೂರ್ತಿ, ಪಾದದಡಿ ಬೋರಲು ಬಿದ್ದ ಒಬ್ಬ ಕುಳ್ಳ. ಅವನು ಅಪಸ್ಮಾರ. ಅಜ್ಞಾನವೆಂದರೆ ಅವನೇ; ನಮ್ಮ ಶಾಸ್ತ್ರದಲ್ಲಿ ಈ ಮೂರ್ಛೆರೋಗದ ಹೆಸರೂ ಅಪಸ್ಮಾರವೇ. ಮುದುಕಿ ಶಿವನನ್ನು ಬಿಟ್ಟು ಅವನ ತಲೆಗೆ ಎಣ್ಣೆ ಹಚ್ಚಿದಳು. ನನಗೆ ನಗು ಬಂತು.

"ನಗಬ್ಯಾಡ್ರಿ ಪಂಡಿತ್ರೆ," ಅಂದಳು. "ಇವನನ್ನ ದೇವ್ರೇ ಕೊಂದಿಲ್ಲ, ತುಳ್ಕಂಡು ನಿಂತಾನೆ ಅಷ್ಟೆ. ಇವನು ಸಾಯಾನಲ್ಲ. ಇರಾಕೆ ಬ್ಯಾರೆ ಜಾಗ ತೋರುಸ್ಬೇಕು."

ಅಷ್ಟರಲ್ಲಿ ಈರಮ್ಮ ಕುಸಿದಳು. ಮುದುಕಿ ಕೂಸನ್ನು ಎತ್ತಿಕೊಂಡಳು. ಹೊರಗೆ ನಡುಮಧ್ಯಾಹ್ನದ ಬಿಸಿಲು. ಹಲ್ಲು ಕಚ್ಚಿ ಒದ್ದಾಡುತ್ತಿದ್ದವಳನ್ನು ಪಕ್ಕಕ್ಕೆ ಹೊರಳಿಸಿ, ಅಭ್ಯಾಸಬಲದಿಂದ ಆ ರೋಗದ ಶ್ಲೋಕ ಹೇಳಲು ಬಾಯಿ ತೆರೆದೆ. ಬರಲಿಲ್ಲ. ಬೆನ್ನ ಮೇಲೆ ಯಾರೋ ಕಾಲೂರಿ ನಿಂತಷ್ಟು ಭಾರ. ನನ್ನ ಹೆಸರು ಕೂಡ ನೆನಪಾಗಲಿಲ್ಲ. ನನಗೆ ಅಂಥ ಭಯ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. ಭಾರ ಇಳಿದು ಕಣ್ಣು ಬಿಟ್ಟಾಗ ಈರಮ್ಮ ಗೋಡೆಗೊರಗಿ ಕೂತು ಕೂಸಿಗೆ ಹಾಲೂಡಿಸುತ್ತಿದ್ದಳು. ಕೆಂಚಮ್ಮ ನನ್ನನ್ನೇ ನೋಡುತ್ತಿದ್ದಳು.

ಈರಮ್ಮ ಮತ್ತೆ ಬೀಳಲಿಲ್ಲ. ತವರಿಗೂ ಹೋಗಲಿಲ್ಲ. ಆ ಕೂಸಿಗೆ ಈಗ ಮೀಸೆ ಬಂದಿದೆ. ರೋಗ ತಾನಾಗಿ ಹೋಗುವುದುಂಟು, ನನಗೆ ಬಿಸಿಲು ಬಡಿದಿರಬೇಕು ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಆ ಒಂದು ಶ್ಲೋಕ ಇವತ್ತಿಗೂ ನಾಲಗೆಗೆ ಬರುವುದಿಲ್ಲ. ಓಲೆಗರಿ ನೋಡಿ ಓದುತ್ತೇನೆ, ಕಟ್ಟಿಟ್ಟೊಡನೆ ಮರೆಯುತ್ತೇನೆ. ಉಳಿದ ಶಾಸ್ತ್ರವೆಲ್ಲ ಹಾಗೆಯೇ ಇದೆ.

ಈಚೆಗೆ ಅದನ್ನು ಕಲಿಯುವ ಗೋಜಿಗೆ ಹೋಗುತ್ತಿಲ್ಲ. ಅಕಸ್ಮಾತ್ ನೆನಪಾಗಿ, ಆ ಕಾಲಡಿಯವನಿಗೆ ನನ್ನಲ್ಲಿ ಜಾಗವಿಲ್ಲದಂತಾಗಿಬಿಟ್ಟರೆ? ಅತ್ತ ಹಟ್ಟಿಯಲ್ಲಿ ಈರಮ್ಮ ಒಲೆಯ ಮುಂದೆ ಕೂತಿರುತ್ತಾಳೆ.